ಮರೈನ್ ಡ್ರೈವ್‌ನ ಹಳೆಯ ಫ್ಲ್ಯಾಟನ್ನು ಈಗಿನ ಸಂಸಾರಕ್ಕೆ ಸಜ್ಜು ಮಾಡುವುದು ಹೇಗೆ

ಮುಂಬೈನ ಮರೈನ್ ಡ್ರೈವ್‌ನಲ್ಲಿ, ಓವಲ್ ಮೈದಾನದ ಪಶ್ಚಿಮ ಬದಿಯಲ್ಲಿ, ಚರ್ಚ್‌ಗೇಟ್ ಸುತ್ತಮುತ್ತ 1930 ಮತ್ತು 40ರ ದಶಕದ ಫ್ಲ್ಯಾಟುಗಳಿವೆ. ಸಮುದ್ರ ತುಂಬಿಸಿ ಪಡೆದ ಬ್ಯಾಕ್‌ಬೇ ಜಾಗದಲ್ಲಿ ಎದ್ದ ಆರ್ಟ್ ಡೆಕೊ ಕಟ್ಟಡಗಳು ಇವು. ದುಂಡಗೆ ತಿರುಗಿದ ಬಾಲ್ಕನಿ, ಕಿಟಕಿಯ ಮೇಲೆ ಉದ್ದಕ್ಕೆ ಹರಿದ ಚಜ್ಜಾ, ಅಲೆ ಮತ್ತು ಸೂರ್ಯಕಿರಣದ ಚಿತ್ತಾರ ಇರುವ ಕಬ್ಬಿಣದ ಗ್ರಿಲ್, ಒಳಗೆ ತಂಪು ಮೊಸಾಯಿಕ್ ನೆಲ, ತೇಗದ ಬಾಗಿಲು. ಇಂಥ ಮನೆ ಕೈಗೆ ಬಂದವರು, ಹೊಸದಾಗಿ ಕೊಂಡವರಾಗಲಿ, ಅಜ್ಜನ ಕಾಲದ ಪಗಡಿ ಮನೆಯಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಪಡೆದ ಮನೆ) ಉಳಿದವರಾಗಲಿ, ರಿನೋವೇಶನ್ ಎಂದಕೂಡಲೇ ಮೊದಲು ಮಾಡುವ ಮೂರು ಕೆಲಸ ಯಾವುದು ಗೊತ್ತಾ? ನೆಲ ಕೀಳಿಸುತ್ತಾರೆ, ಕಿಟಕಿ ಬದಲಿಸುತ್ತಾರೆ, ಫಾಲ್ಸ್ ಸೀಲಿಂಗ್ ಹಾಕಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಈ ಮನೆಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಕಣ್ಣಿಗೆ ಕಾಣದ ಭಾಗ. ಸ್ಲ್ಯಾಬಿನೊಳಗಿನ ಕಂಬಿ, ಬಾತ್‌ರೂಮಿನ ಅಡಿಯ ಪೈಪು, ಗೋಡೆಯೊಳಗಿನ ವೈರು. ಕಣ್ಣಿಗೆ ಕಾಣುವ ನೆಲ, ಕಿಟಕಿ, ಬಾಗಿಲು ಇವತ್ತು ಅಂಗಡಿಯಲ್ಲಿ ಸಿಗುವುದಕ್ಕಿಂತ ಎಷ್ಟೋ ಪಾಲು ಒಳ್ಳೆಯವು. ದುಡ್ಡೆಲ್ಲ ಒಳ್ಳೆಯದನ್ನು ಒಡೆಯುವುದಕ್ಕೆ ಹೋಗುತ್ತದೆ, ಕೆಟ್ಟದ್ದು ಹಾಗೇ ಉಳಿಯುತ್ತದೆ. ಈ ಲೇಖನದಲ್ಲಿ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಕೈ ಹಾಕಬಾರದು ಎಂದು ಒಂದೊಂದಾಗಿ ಹೇಳುತ್ತೇನೆ. ಮಂಗಳೂರು, ಮಲ್ಪೆ, ಕಾರವಾರದ ಕಡಲ ಪಕ್ಕದ ಮನೆಯವರಿಗೂ ಉಪ್ಪು, ಕಂಬಿ, ಸ್ಟೀಲಿನ ವಿಷಯ ಹಾಗೇ ಅನ್ವಯಿಸುತ್ತದೆ. ಅದೇ ಅರಬ್ಬಿ ಸಮುದ್ರ, ಅದೇ ನೈಋತ್ಯ ಗಾಳಿ ಅಲ್ವಾ.

ಮೊದಲು ಕಾಗದಪತ್ರ

ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮನೆ ನಿಮಗೆ ಯಾವ ರೀತಿ ಸೇರಿದ್ದು ಎನ್ನುವುದರ ಮೇಲೆ ನೀವು ಏನು ಮಾಡಬಹುದು ಎನ್ನುವುದು ನಿಂತಿದೆ. ಸೊಸೈಟಿಯ (ಫ್ಲ್ಯಾಟಿನವರ ಸಹಕಾರ ಸಂಘದ) ಫ್ಲ್ಯಾಟಾದರೆ ಸೊಸೈಟಿಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎನ್ನುವ ಪತ್ರ ಬೇಕು. ಪಗಡಿ ಮನೆಯಾದರೆ ನೀವು ಬಾಡಿಗೆದಾರರು, ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಬರುತ್ತೀರಿ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಗೋಡೆ ಮುಟ್ಟಬೇಡಿ. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟುವಿಕೆ ಮಾಡಿದರೆ ಅದೇ ತೆರವಿಗೆ ಕಾರಣವಾಗಬಹುದು. 1969ರ ಸೆಪ್ಟೆಂಬರ್ 30ರೊಳಗೆ ಕಟ್ಟಿದ, ಸೆಸ್ (ರಿಪೇರಿಗೆಂದು ಕಟ್ಟುವ ತೆರಿಗೆ) ಕಟ್ಟುವ ಬಾಡಿಗೆ ಕಟ್ಟಡವಾದರೆ ರಚನೆಯ ರಿಪೇರಿಯಲ್ಲಿ ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಮಂಡಳಿಗೂ ಪಾತ್ರ ಇದೆ.

ಇನ್ನೊಂದು ವಿಷಯ ಪಾರಂಪರಿಕ ಸ್ಥಾನದ್ದು. ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳೂ ಆರ್ಟ್ ಡೆಕೊ ಕಟ್ಟಡಗಳೂ ಸೇರಿ ಒಟ್ಟು 94 ಕಟ್ಟಡಗಳ ಗುಂಪು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ, 1995ರಿಂದ, ಮುಂಬೈಗೆ ತನ್ನದೇ ಪಾರಂಪರಿಕ ನಿಯಮಗಳಿವೆ, ಮುಂಬೈ ಹೆರಿಟೇಜ್ ಕನ್ಸರ್ವೇಶನ್ ಕಮಿಟಿ ಇದೆ. ಕಟ್ಟಡಗಳನ್ನು ದರ್ಜೆ 1, 2ಎ, 2ಬಿ, 3 ಎಂದು ವಿಂಗಡಿಸಿದ್ದಾರೆ. ನಿಮ್ಮ ಕಟ್ಟಡ ಯಾವ ದರ್ಜೆಯಲ್ಲಿದೆ, ಯುನೆಸ್ಕೊ ಗಡಿಯೊಳಗೆ ಇದೆಯೇ, ಸುತ್ತಲಿನ ಬಫರ್ ವಲಯದಲ್ಲಿದೆಯೇ, ಇದನ್ನು ಪಾಲಿಕೆಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಒಳಗೆ ಬಣ್ಣ ಬಳಿಯುವುದು, ವೈರಿಂಗ್ ಬದಲಿಸುವುದು ಇಂಥ, ಇದ್ದದ್ದನ್ನು ಇದ್ದಂತೆ ಉಳಿಸುವ ರಿಪೇರಿಗೆ ಸಾಮಾನ್ಯವಾಗಿ ತಾಪತ್ರಯ ಇರುವುದಿಲ್ಲ. ಹೊರಗಿನಿಂದ ಕಾಣುವ ಕಿಟಕಿ, ಬಾಲ್ಕನಿ, ಗ್ರಿಲ್, ಬಣ್ಣ, ಮತ್ತೆ ಒಳಗೆ ಬೀಮು, ಪಿಲ್ಲರು, ಸ್ಲ್ಯಾಬು ಮುಟ್ಟುವ ಯಾವುದೇ ಕೆಲಸ ಬೇರೆ ಮಾತು. ಪಾಲಿಕೆ ಕಾಯ್ದೆಯ 342ನೇ ಸೆಕ್ಷನ್ ಪ್ರಕಾರ ಯಾವುದಕ್ಕೆ ನೋಟಿಸ್ ಕೊಡಬೇಕು ಎಂದು ಲೈಸೆನ್ಸ್ ಇರುವ ಆರ್ಕಿಟೆಕ್ಟ್ ಒಬ್ಬರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಮಿಸ್ತ್ರಿ "ಎಲ್ಲರೂ ಹೀಗೇ ಮಾಡ್ತಾರೆ ಸಾರ್, ಏನೂ ಆಗಲ್ಲ" ಎಂದರೆ ಅದನ್ನು ಅನುಮತಿ ಎಂದು ತಿಳಿಯಬೇಡಿ.

ಮನೆ ನೋಡುವುದು ಜುಲೈಯಲ್ಲಿ, ಕೆಲಸ ಶುರು ಮಾಡುವುದು ದೀಪಾವಳಿ ಸುಮಾರಿಗೆ

ಜನವರಿಯಲ್ಲಿ ಈ ಫ್ಲ್ಯಾಟುಗಳು ಸ್ವರ್ಗದ ಹಾಗೆ ಕಾಣುತ್ತವೆ. ನಿಜ ಗೊತ್ತಾಗುವುದು ಮಳೆಗಾಲದಲ್ಲಿ. ಜುಲೈಯಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋಗಿ, ಒಂದು ಚಾಕ್‌ಪೀಸ್ ಹಿಡಿದು ಪ್ರತಿ ಕೋಣೆಯಲ್ಲೂ ಒದ್ದೆ ಎಲ್ಲಿಯವರೆಗೆ ಬಂದಿದೆ ಎಂದು ಗೋಡೆಯ ಮೇಲೇ ಗೆರೆ ಎಳೆದು, ತಾರೀಖು ಬರೆದು, ಫೋಟೊ ತೆಗೆದುಕೊಳ್ಳಿ. ಆಮೇಲೆ ಆ ಒದ್ದೆ ಎಲ್ಲಿಂದ ಬಂತು ಎಂದು ಯೋಚಿಸಿ. ಪಶ್ಚಿಮದ ಗೋಡೆಯಲ್ಲಿ ಕಿಟಕಿಯ ಕೆಳಗೆ ಇದ್ದರೆ ಕಿಟಕಿಯ ಹಲಗೆಯಿಂದ. ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ, ಅದೂ ಮಳೆ ಇಲ್ಲದಾಗಲೂ ಇದ್ದರೆ ಪೈಪಿನಿಂದ. ಸೀಲಿಂಗಿನ ನಡುವೆ ಇದ್ದರೆ ಮೇಲಿನ ಮನೆಯವರ ಬಾತ್‌ರೂಮಿನಿಂದ, ಅಥವಾ ನಿಮ್ಮದು ಮೇಲಿನ ಮಹಡಿಯಾದರೆ ಟೆರೇಸಿನಿಂದ.

ಗೋಡೆ ಒಣಗಲು ಸಮಯ ಬೇಕು. ಮಳೆ ಸೆಪ್ಟೆಂಬರ್ ಕೊನೆಗೆ ಬಿಡುತ್ತದೆ, ಅಕ್ಟೋಬರಿನ ಬಿಸಿಲಿಗೆ ಗೋಡೆ ಒಣಗುತ್ತದೆ, ಆಮೇಲೆ ಒಡೆಯುವ ಕೆಲಸ ಶುರು ಮಾಡಿ ಮೇ ಒಳಗೆ ಬಣ್ಣ ಮುಗಿಸಿ. ಇದಕ್ಕಿಂತ ಬೇಗ ಮುಗಿಸುತ್ತೇನೆ ಎನ್ನುವ ಕಾಂಟ್ರಾಕ್ಟರ್ ಒದ್ದೆ ಗೋಡೆಯ ಮೇಲೆ ಪುಟ್ಟಿ ಬಳಿಯುವವರೇ. ಇನ್ನೊಂದು ಮಾತು, ಕರಾರಿನಲ್ಲೇ ಬರೆದುಕೊಳ್ಳಿ: ಒಟ್ಟು ಹಣದಲ್ಲಿ ಹತ್ತರಲ್ಲಿ ಒಂದು ಪಾಲು ಮೊದಲ ಮಳೆಗಾಲ ಕಳೆದ ಮೇಲೆ. ಒಳ್ಳೆಯ ಕೆಲಸಗಾರರು ಇದಕ್ಕೆ ಒಪ್ಪುತ್ತಾರೆ.

ಕಂಬಿಯ ಕಥೆ, ಇಲ್ಲಿ ಅವಸರ ಬೇಡ

ಇದೇ ಮುಖ್ಯ ಭಾಗ. ಬೇರೆಲ್ಲ ಓದದಿದ್ದರೂ ಇದನ್ನು ಓದಿ.

ಈ ಕಟ್ಟಡಗಳು ಭಾರತದಲ್ಲಿ ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್) ಇನ್ನೂ ಹೊಸದಾಗಿದ್ದ ಕಾಲದವು. ಕಾಂಕ್ರೀಟ್ ಗಟ್ಟಿಯಾಗಿರುವಾಗ ಅದರೊಳಗೆ ಕ್ಷಾರ ಇರುತ್ತದೆ, ಆ ಕ್ಷಾರ ಕಂಬಿಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಕ್ಷಾರ ಕಳೆಯುತ್ತದೆ. ಸಮುದ್ರದ ಗಾಳಿಯ ಉಪ್ಪು ಕೂಡ ಇಳಿಯುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಸಾಕಷ್ಟು ಕಂಬಿಯವರೆಗೆ ತಲುಪಿದರೂ ತುಕ್ಕು ಶುರು. ಇವತ್ತಿನ ಭಾರತೀಯ ಮಾನಕ ಐಎಸ್ 456 ಕಡಲ ಪರಿಸರಕ್ಕೆ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಬೇಕು ಎನ್ನುತ್ತದೆ. ಆ ಕಾಲದ ಸ್ಲ್ಯಾಬುಗಳಲ್ಲಿ ಅದಕ್ಕಿಂತ ತುಂಬಾ ಕಡಿಮೆ ಇರುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರಕ್ಕಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸೀಳಿ, ಉಬ್ಬಿ, ಒಂದು ದಿನ ಹಲಗೆ ಹಲಗೆಯಾಗಿ ಬೀಳುತ್ತದೆ. ಬಾಲ್ಕನಿಯ ಅಡಿಭಾಗ, ಚಜ್ಜಾದ ಅಂಚು, ಬಾತ್‌ರೂಮಿನ ಸ್ಲ್ಯಾಬ್, ಪಶ್ಚಿಮಕ್ಕೆ ಮುಖ ಮಾಡಿದ ಬೀಮುಗಳು ಮೊದಲು ಹೋಗುತ್ತವೆ.

ನೀವೇ ಮಾಡಬಹುದಾದ ಮೊದಲ ಪರೀಕ್ಷೆ: ಒಂದು ಸಣ್ಣ ಸುತ್ತಿಗೆಯಿಂದ ಸೀಲಿಂಗ್ ಮತ್ತು ಬೀಮನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇರಲಿ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಡಬ ಡಬ ಎನ್ನುತ್ತದೆ. ಕಂಬಿಯ ಸಾಲಿಗೆ ಸರಿಯಾಗಿ ನೇರ ಬಿರುಕು, ಅದರಿಂದ ಕಂದು ಕಲೆ ಇಳಿದಿದ್ದರೆ ಅದು ಬರೀ ಪ್ಲಾಸ್ಟರಿನ ಬಿರುಕಲ್ಲ.

ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್. ಇಂಟೀರಿಯರ್ ಡಿಸೈನರ್ ಕರೆತರುವ ಪರಿಚಯದವರನ್ನು ಬಿಟ್ಟು, ನೀವೇ ಫೀ ಕೊಟ್ಟು ಬೇರೆಯವರನ್ನು ಕರೆಸಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮುಂಬೈನಲ್ಲಿ ಕಡ್ಡಾಯ, ಹಾಗಾಗಿ ಸೊಸೈಟಿಯ ಹತ್ತಿರ ಹಳೆಯ ರಿಪೋರ್ಟ್ ಇರಲೇಬೇಕು, ಅದನ್ನು ಮೊದಲು ಕೇಳಿ ಓದಿ. ಎಂಜಿನಿಯರ್ ಹತ್ತಿರ ಕೇಳಬೇಕಾದ ಪರೀಕ್ಷೆಗಳು ಇವು: ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ನೋಡುವ ಅಲ್ಟ್ರಾಸಾನಿಕ್ ಪಲ್ಸ್ ಪರೀಕ್ಷೆ, ಕಂಬಿಗೆ ತುಕ್ಕು ಹಿಡಿಯುತ್ತಿದೆಯೇ ಎಂದು ಹೇಳುವ ಹಾಫ್ ಸೆಲ್ ಪರೀಕ್ಷೆ, ಉಪ್ಪಿನಂಶ ಅಳೆಯುವ ಕ್ಲೋರೈಡ್ ಪರೀಕ್ಷೆ, ಮತ್ತೆ ಫಿನಾಲ್ಫ್ತಲೀನ್ ಪರೀಕ್ಷೆ. ಕೊನೆಯದನ್ನು ನೀವೂ ನಿಂತು ನೋಡಿ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಆ ದ್ರವ ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ, ಕಳೆದುಕೊಂಡ ಕಡೆ ಬಣ್ಣವೇ ಬರುವುದಿಲ್ಲ. ಕಂಬಿ ಬಣ್ಣ ಬರದ ಭಾಗದಲ್ಲಿ ಕೂತಿದ್ದರೆ ಅದಕ್ಕೆ ರಕ್ಷಣೆ ಹೋಗಿದೆ ಎಂದು ಅರ್ಥ.

ರಿಪೇರಿ ಹೇಗಿರಬೇಕು? ಸಡಿಲ ಕಾಂಕ್ರೀಟ್ ತೆಗೆದು ಕಂಬಿಯ ಮುಖಕ್ಕೆ ಮಾತ್ರ ಸಿಮೆಂಟ್ ಮೆತ್ತಿದರೆ ಎರಡು ಮೂರು ಮಳೆಗೆ ಮತ್ತೆ ಬೀಳುತ್ತದೆ. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಕಾಂಕ್ರೀಟ್ ಕೆತ್ತಿ, ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ಜಿಂಕ್ ಪ್ರೈಮರ್ ಬಳಿದು, ಸವೆದ ಕಂಬಿಗೆ ಜೊತೆ ಕಂಬಿ ಕಟ್ಟಿ, ಪಾಲಿಮರ್ ಸೇರಿಸಿದ ಗಾರೆ ಅಥವಾ ಮೈಕ್ರೊ ಕಾಂಕ್ರೀಟ್ ತುಂಬಬೇಕು. ಉಪ್ಪು ಜಾಸ್ತಿ ಇಳಿದಿರುವ ಕಡೆ ಇನ್ನೊಂದು ಸಂಗತಿ ಇದೆ, ಇದನ್ನು ಎಷ್ಟೋ ಕಾಂಟ್ರಾಕ್ಟರುಗಳು ಹೇಳುವುದೇ ಇಲ್ಲ. ಒಂದು ಜಾಗ ಹೊಸದಾಗಿ ತೇಪೆ ಹಾಕಿದರೆ ಅದರ ಪಕ್ಕದ ಹಳೆಯ ಭಾಗದಲ್ಲಿ ತುಕ್ಕು ಇನ್ನೂ ಜೋರಾಗುತ್ತದೆ. ಇದನ್ನು ತಡೆಯಲು ತೇಪೆಯ ಅಂಚಿನಲ್ಲಿ ಕಂಬಿಗೆ ಸಣ್ಣ ಜಿಂಕ್ ಆನೋಡ್ ಕಟ್ಟುತ್ತಾರೆ, ಜಿಂಕ್ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ನಿಮ್ಮ ಎಂಜಿನಿಯರಿಗೆ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಹೇಗೆ ಬರುತ್ತದೆ ಎನ್ನುವುದರಲ್ಲೇ ಅವರಿಗೆ ಕಡಲ ಕಟ್ಟಡದ ಅನುಭವ ಇದೆಯೇ ಇಲ್ಲವೇ ಗೊತ್ತಾಗುತ್ತದೆ.

ಸ್ಲ್ಯಾಬ್, ಬೀಮು ಇಡೀ ಕಟ್ಟಡದ ಆಸ್ತಿ, ನೀವೊಬ್ಬರೇ ತೀರ್ಮಾನ ಮಾಡುವ ಹಾಗಿಲ್ಲ. ಮೇಲಿನ ಮನೆಯವರು, ಕೆಳಗಿನ ಮನೆಯವರು, ಸೊಸೈಟಿ ಎಲ್ಲರನ್ನೂ ಕೂರಿಸಿ ಒಟ್ಟಿಗೆ ಮಾಡಿಸಿದರೆ ಖರ್ಚೂ ಹಂಚಿಹೋಗುತ್ತದೆ.

ಭಾರದ ಲೆಕ್ಕ

ಇದು ಪುಟ್ಟ ವಿಭಾಗ, ಆದರೆ ಗೋಡೆಗೆ ಅಂಟಿಸಿಟ್ಟುಕೊಳ್ಳುವಂಥದ್ದು. ವಾಸದ ಕೋಣೆಯ ಸ್ಲ್ಯಾಬಿಗೆ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಎಂದು ಇವತ್ತಿನ ಮಾನಕ ಲೆಕ್ಕ ಹಾಕುತ್ತದೆ. ಹಳೆಯ ನೆಲದ ಮೇಲೇ ಗಾರೆ ಹಾಕಿ ಹೊಸ ಟೈಲ್ಸ್ ಕೂರಿಸಿದರೆ ಅದೊಂದೇ ಚದರ ಮೀಟರಿಗೆ 100 ಕಿಲೋ ತಿನ್ನುತ್ತದೆ. ಅರ್ಧ ಲೆಕ್ಕ ಅಲ್ಲೇ ಮುಗಿಯಿತು. ಬಾತ್‌ರೂಮಿನ ಅಡಿಯಲ್ಲಿ ಇಟ್ಟಿಗೆ ಚೂರು ತುಂಬುವ ಬ್ರಿಕ್‌ಬ್ಯಾಟ್ ಕೋಬಾ 6 ಇಂಚು ದಪ್ಪ ಇದ್ದರೆ ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಮುಂಬೈನಲ್ಲಿ ನೀರು ಹೊತ್ತು ಹೊತ್ತಿಗೆ ಬರುವುದರಿಂದ ಲಾಫ್ಟಿನ ಮೇಲೆ ಟ್ಯಾಂಕ್ ಇಡುವ ಅಭ್ಯಾಸ ಇದೆ. 500 ಲೀಟರ್ ಎಂದರೆ ಅರ್ಧ ಟನ್, ಅದೂ ತೆಳ್ಳಗಿನ ಲಾಫ್ಟ್ ಸ್ಲ್ಯಾಬಿನ ಮೇಲೆ. ಎಂಜಿನಿಯರ್ ಒಪ್ಪದೆ ಇಡಬೇಡಿ.

ಬಾತ್‌ರೂಮು, ಪೈಪು

ಬಾತ್‌ರೂಮನ್ನು ಮಾತ್ರ ಸ್ಲ್ಯಾಬಿನವರೆಗೆ ಪೂರ್ತಿ ಒಡೆಯಲು ನಾನು ಹೇಳುತ್ತೇನೆ. ಹಳೆಯ ಕೋಬಾ ತೆಗೆಯಿರಿ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಕಿಂಡಿಯ ಜಾಲರಿ ಪೆಟ್ಟಿಗೆ) ಬದಲಿಸಿ, ಹಳೆಯ ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ತೆಗೆದು ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ. ಕಟ್ಟಡದ ಹಿಂಬದಿಯಲ್ಲಿ ಇಳಿಯುವ ಎರಕದ ಕಬ್ಬಿಣದ ದೊಡ್ಡ ಪೈಪಿನ ಜೋಡಣೆ ಎಲ್ಲರಿಗೂ ಸೇರಿದ್ದು, ಅದು ಸೀಳಿದ್ದರೆ ಸೊಸೈಟಿಯ ಮೂಲಕವೇ ಸರಿ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಹೊಸ ಬಾತ್‌ರೂಮಿನ ಗೋಡೆಗೆ ಅದೇ ನೀರು ಬರುತ್ತದೆ. ಹೊಸ ತುಂಬುವಿಕೆಗೆ ಹಗುರ ಕಾಂಕ್ರೀಟ್ ಅಥವಾ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನ ಚೂರು ಬಳಸಿದರೆ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, 48 ಗಂಟೆ ನೀರು ಕಟ್ಟಿ ನಿಲ್ಲಿಸಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಅವರ ಸೀಲಿಂಗನ್ನು ಅವರ ಜೊತೆಯಲ್ಲೇ ನೋಡಿ.

ಎರಡನೇ ಬಾತ್‌ರೂಮು ಬೇಕೆನ್ನುವುದು ಎಲ್ಲರ ಆಸೆ. ಇರುವ ಬಾತ್‌ರೂಮಿಗೆ ಅಂಟಿಕೊಂಡೇ ಜಾಗ ಮಾಡಿ. ಕೆಳಗಿನವರ ಅಡುಗೆಮನೆ, ದೇವರ ಮನೆಯ ಮೇಲೆ ಟಾಯ್ಲೆಟ್ ತಂದು ಕೂರಿಸಬೇಡಿ. ನಿಯಮಕ್ಕೂ ಸರಿಯಿಲ್ಲ, ನೆರೆಹೊರೆಗೂ ಸರಿಯಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಗೋಡೆ ಮುಚ್ಚುವ ಮೊದಲೇ ಹಿಡಿಕೆ ಕೂರುವ ಜಾಗ ಗಟ್ಟಿ ಮಾಡಿಸಿ, ಬಾಗಿಲ ಹೊಸ್ತಿಲ ಎತ್ತರ ಇಳಿಸಿ, ನೆಲಕ್ಕೆ ಜಾರದ ಟೈಲ್ಸ್ ಹಾಕಿಸಿ.

ಕರೆಂಟು ಮತ್ತು ಎಸಿ

ಹಳೆಯ ಮನೆಯ ವೈರಿಂಗ್ ದೀಪ, ಫ್ಯಾನು, ರೇಡಿಯೊ ಲೆಕ್ಕದಲ್ಲಿ ಮಾಡಿದ್ದು. ಇವತ್ತು ಮೂರು ಎಸಿ, ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ ಸೇರಿದರೆ 10 ಕಿಲೋವ್ಯಾಟ್ ಹತ್ತಿರ ಹೋಗುತ್ತದೆ. ದಕ್ಷಿಣ ಮುಂಬೈಗೆ ಕರೆಂಟ್ ಕೊಡುವುದು ಬೆಸ್ಟ್ ಎನ್ನುವ ಸಂಸ್ಥೆ. ಲೋಡ್ ಹೆಚ್ಚಿಸಲು ಅರ್ಜಿಯನ್ನು ಕೆಲಸದ ಮೊದಲ ವಾರವೇ ಹಾಕಿ, ಕಟ್ಟಡದ ಮೇನ್ ಕೇಬಲ್ ತಡೆಯುತ್ತದೆಯೇ ಎಂದೂ ಕೇಳಿ. ಪೂರ್ತಿ ತಾಮ್ರದ ಹೊಸ ವೈರು, ಎಸಿ ಲೈನಿಗೆ 4 ಚದರ ಮಿಲಿಮೀಟರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್. ಇದರಲ್ಲಿ ಚೌಕಾಸಿ ಬೇಡ.

ವೈರಿಗಾಗಿ ಬೀಮು, ಪಿಲ್ಲರುಗಳಲ್ಲಿ ಕಾಲುವೆ ಕೊರೆಯಲು ಬಿಡಬೇಡಿ. ಹಾಗೆ ಕೊರೆದರೆ ಕಂಬಿಯ ಮೇಲಿನ ಆ ಸ್ವಲ್ಪ ಹೊದಿಕೆಯೂ ಹೋಗುತ್ತದೆ. ಆ ಕಾಲದಲ್ಲಿ ಗೋಡೆಯ ಮೇಲೆ ತೇಗದ ಪಟ್ಟಿಯೊಳಗೆ ವೈರು ಓಡಿಸುತ್ತಿದ್ದರು, ಅದೇ ಪದ್ಧತಿಯನ್ನು ಹೊಸ ವೈರಿನ ಜೊತೆ ತಂದರೆ ರಿಪೇರಿಯೂ ಸುಲಭ, ನೋಡಲೂ ಆ ಮನೆಗೆ ಒಪ್ಪುತ್ತದೆ.

ಎಸಿಯ ಹೊರಗಿನ ಯೂನಿಟ್ಟನ್ನು ಸಮುದ್ರದ ಕಡೆ ನೇತುಹಾಕಿದರೆ ಎರಡು ನಷ್ಟ. ಕಟ್ಟಡದ ಮುಖ ಹಾಳಾಗುತ್ತದೆ, ಉಪ್ಪಿಗೆ ಅದರ ಕಾಯಿಲ್ ಬೇಗ ತಿಂದುಹೋಗುತ್ತದೆ. ಹಿಂಬದಿಯ ಡಕ್ಟಿನ ಕಡೆ ಹಾಕಿಸಿ, ತುಕ್ಕು ನಿರೋಧಕ ಲೇಪನ ಇರುವ ಕಾಯಿಲ್ ಕೇಳಿ ತೆಗೆದುಕೊಳ್ಳಿ, ಎರಡು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಸಿ. ಅದಕ್ಕಿಂತ ಮೊದಲು ಬಾಗಿಲುಗಳ ಮೇಲಿನ ಗಾಳಿಕಿಂಡಿಗಳನ್ನು ನೋಡಿ. ಹೆಚ್ಚಿನ ಮನೆಗಳಲ್ಲಿ ಅವುಗಳಿಗೆ ಪ್ಲೈವುಡ್ ಬಡಿದಿರುತ್ತಾರೆ. ಅದನ್ನು ಕಿತ್ತು ಬಿಟ್ಟರೆ ಸಮುದ್ರದ ಗಾಳಿ ಮುಂದಿನ ಕೋಣೆಯಿಂದ ಅಡುಗೆಮನೆಯವರೆಗೆ ಹರಿಯುತ್ತದೆ, ಎಸಿ ಹಾಕುವ ದಿನಗಳೇ ಕಡಿಮೆಯಾಗುತ್ತವೆ.

ಉಪ್ಪು ಹೂವು ಬಿಟ್ಟ ಗೋಡೆ

ಗೋಡೆಯಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಅದು ಉಪ್ಪು. ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಯುವುದು ಎಲ್ಲರೂ ಮಾಡುವ ಕೆಲಸ. ಆಗ ಏನಾಗುತ್ತದೆ ಎಂದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ ಪೇಂಟಿನ ಹಿಂದೆ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನೇ ಎಬ್ಬಿಸುತ್ತದೆ. ಮೊದಲು ನೀರು ಬರುವ ದಾರಿ ಮುಚ್ಚಿ. ಕಿಟಕಿಯ ಹಲಗೆ ಹೊರಗಡೆಗೆ ಇಳಿಜಾರಾಗಿರಬೇಕು. ಚಜ್ಜಾದ ಅಡಿಯಲ್ಲಿ ಅಂಚಿನ ಹತ್ತಿರ ಒಂದು ಸಣ್ಣ ಗೀರು ಇರುತ್ತದೆ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ ಎಂದು ಮಾಡಿದ್ದು. ಹಲವು ಸಲ ಬಣ್ಣ, ಪ್ಲಾಸ್ಟರು ಬಳಿದು ಅದು ಮುಚ್ಚಿಹೋಗಿರುತ್ತದೆ. ಅದನ್ನು ಮತ್ತೆ ತೆರೆಸಿ. ಅಷ್ಟು ಸಣ್ಣ ಕೆಲಸಕ್ಕೆ ಎಷ್ಟೋ ಗೋಡೆಗಳು ಒಣಗುತ್ತವೆ.

ಆಮೇಲೆ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ನೀರಲ್ಲಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ. ಜಾಸ್ತಿ ಇದ್ದರೆ ಶುದ್ಧ ನೀರಲ್ಲಿ ನೆನೆಸಿದ ಕಾಗದದ ಮುದ್ದೆಯನ್ನು ಗೋಡೆಗೆ ಮೆತ್ತಿ ಒಣಗಲು ಬಿಡಿ. ಒಣಗುವಾಗ ಅದು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಕಿತ್ತು ಎಸೆದು ಮತ್ತೊಮ್ಮೆ ಮೆತ್ತಿ. ಆಮೇಲೆ ಸುಣ್ಣದ ಪ್ಲಾಸ್ಟರು, ಗಾಳಿಯಾಡುವ ಸಿಲಿಕೇಟ್ ಅಥವಾ ಸುಣ್ಣದ ಬಣ್ಣ. ಹೊರಗೋಡೆಗೆ ಒಳಗಿನಿಂದ ಜಿಪ್ಸಮ್ ಪ್ಲಾಸ್ಟರ್ ಬೇಡವೇ ಬೇಡ.

ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಕಿಟಕಿ, ಬಾಗಿಲು, ಗ್ರಿಲ್ಲಿನ ಬಣ್ಣವನ್ನು ಒಣಗಿರುವಾಗ ಮೆಷಿನ್ನಿನಲ್ಲಿ ಉಜ್ಜಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ. ಒದ್ದೆ ಮಾಡಿಯೇ ಕೆರೆಯಬೇಕು, ಮಕ್ಕಳು ಮತ್ತು ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು, ಕೆಲಸಗಾರರಿಗೆ ಒಳ್ಳೆಯ ಮಾಸ್ಕ್ ಕೊಡಬೇಕು.

ಫಾಲ್ಸ್ ಸೀಲಿಂಗ್ ಬಗ್ಗೆ ಒಂದೇ ಮಾತು. ಇಂಥ ಕಟ್ಟಡದಲ್ಲಿ ಸ್ಲ್ಯಾಬಿನ ಅಡಿಭಾಗ ಸದಾ ಕಣ್ಣಿಗೆ ಕಾಣುತ್ತಿರಬೇಕು. ಸೀಲಿಂಗ್ ಮುಚ್ಚಿದರೆ ಸೋರಿಕೆ, ಬಿರುಕು ಯಾವುದೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕಂಬಿ ಹೋಗಿರುತ್ತದೆ.

ನೆಲ, ಕಿಟಕಿ, ಗ್ರಿಲ್: ಉಳಿಸಿಕೊಳ್ಳಿ

ಮೊಸಾಯಿಕ್ ನೆಲ ಕಪ್ಪಾಗಿದೆ, ಕಲೆಯಾಗಿದೆ ಎಂದು ಕೀಳಿಸಬೇಡಿ. ಅದು ಅಮೃತಶಿಲೆ ಚೂರು ಮತ್ತು ಸಿಮೆಂಟು, ಮೇಲಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಉಜ್ಜಿ ತೆಗೆದರೂ ಸಾಕು, ಹೊಸದಾಗಿ ಕಾಣುತ್ತದೆ. ಡೈಮಂಡ್ ಪ್ಯಾಡಿನಲ್ಲಿ ಒರಟಿನಿಂದ ಶುರುಮಾಡಿ, 50, 100, 200, 400, ಹೀಗೆ 3000 ನಂಬರಿನವರೆಗೆ ಉಜ್ಜುತ್ತಾ ಹೋಗಬೇಕು. ಬಿರುಕಿಗೆ ಅದೇ ಬಣ್ಣದ ಚೂರು, ಬಿಳಿ ಸಿಮೆಂಟು, ಬಣ್ಣದ ಪುಡಿ ಸೇರಿಸಿ ಮೊದಲು ಒಂದು ಮೂಲೆಯಲ್ಲಿ ಮಾದರಿ ಮಾಡಿಸಿ, ಒಣಗಿದ ಮೇಲೆ ಬಣ್ಣ ಹೊಂದುತ್ತದೆಯೇ ನೋಡಿ. ಆಸಿಡ್ ಹಾಕಿ ತೊಳೆಯಲು ಬಿಡಬೇಡಿ, ಅಮೃತಶಿಲೆಯನ್ನು ಅದು ತಿನ್ನುತ್ತದೆ. ಕೆಲವು ಮನೆಗಳಲ್ಲಿ ಚಿತ್ತಾರದ ಸಿಮೆಂಟ್ ಟೈಲ್ಸ್ ಇರುತ್ತವೆ. ಒಂದೆರಡು ಒಡೆದಿದ್ದರೆ ಹಾಸಿಗೆ, ಕಪಾಟಿನ ಅಡಿಯಿಂದ ಒಳ್ಳೆಯದನ್ನು ಎತ್ತಿ ಕಾಣುವ ಕಡೆ ಹಾಕಿ, ಎತ್ತಿದ ಜಾಗಕ್ಕೆ ಬೇರೆ ಏನಾದರೂ ಹಾಕಿದರಾಯಿತು. ಮುಂಬೈಯಲ್ಲಿ 1922ರಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್ ಅಂಡ್ ಟೈಲ್ಸ್ ಇವತ್ತಿಗೂ ಇಂಥ ಟೈಲ್ಸ್ ಮಾಡುತ್ತದೆ, ನಿಮ್ಮ ಚಿತ್ತಾರದ ಫೋಟೊ ತೆಗೆದುಕೊಂಡು ಹೋಗಿ ಕೇಳಬಹುದು.

ಹಳೆಯ ಕಿಟಕಿಗಳು ಹೆಚ್ಚಾಗಿ ಬರ್ಮಾ ತೇಗ. ಆ ಗುಣಮಟ್ಟದ ಮರ ಈಗ ಸಿಗುವುದೇ ಕಷ್ಟ. ಕೊಳೆಯುವುದು ಸಾಮಾನ್ಯವಾಗಿ ಕೆಳಗಿನ ಪಟ್ಟಿ ಮತ್ತು ಮೂಲೆ ಮಾತ್ರ. ಒಳ್ಳೆಯ ಬಡಗಿ ಆ ತುಂಡನ್ನಷ್ಟೇ ಕತ್ತರಿಸಿ ಹಳೆಯ ತೇಗದ್ದೇ ಹೊಸ ತುಂಡು ಬೆಸೆಯುತ್ತಾನೆ. ಹಳೆಯ ತೇಗ, ಹಿತ್ತಾಳೆಯ ಹಿಂಜ್, ಚಿಲಕಕ್ಕೆ ಮುಂಬೈನ ಹಳೆಯ ಸಾಮಾನಿನ ಪೇಟೆ ಚೋರ್ ಬಜಾರ್ ಸುತ್ತಾಡಿ. ಮರದ ಕೆಳ ಅಂಚಿಗೆ, ನಾರು ತೆರೆದುಕೊಂಡಿರುವ ಕಡೆ, ಎರಡು ಕೋಟ್ ಜಾಸ್ತಿ ಬಳಿಯಿಸಿ, ನೀರು ಹತ್ತುವುದು ಅಲ್ಲಿಂದಲೇ. ರಸ್ತೆಯ ಸದ್ದು ಜಾಸ್ತಿ ಎನಿಸಿದರೆ ಅದೇ ಚೌಕಟ್ಟಿಗೆ ಲ್ಯಾಮಿನೇಟೆಡ್ ಗಾಜು ಮತ್ತು ರಬ್ಬರ್ ಪಟ್ಟಿ ಹಾಕಿಸಿ. ಇಡೀ ಕಿಟಕಿ ತೆಗೆದು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿದರೆ ಅರ್ಧ ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತದೆ, ಗಾಳಿಯೂ ಅರ್ಧ.

ಬಾಲ್ಕನಿ ಮುಚ್ಚಬೇಡಿ. ಮನೆಗೆ ನೆರಳು ಕೊಡುವುದು, ಮಳೆಯ ಹೊಡೆತ ಮೊದಲು ತಾಳುವುದು ಅದೇ. ಆದರೆ ಮಕ್ಕಳಿರುವ ಮನೆಯಲ್ಲಿ ಒಂದು ಎಚ್ಚರ ಬೇಕು, ಆ ಕಾಲದ ಕಟಕಟೆ ಹಲವು ಕಡೆ ತಗ್ಗು. ನೆಲದ ಮೇಲೆ ಟೈಲ್ಸ್ ಏರಿಸಿದ್ದರೆ ಇನ್ನೂ ತಗ್ಗು. ನೆಲದಿಂದ ಒಂದು ಮೀಟರಿಗಿಂತ ಎತ್ತರ ಬರುವ ಹಾಗೆ ಒಳಬದಿಯಲ್ಲಿ ತೆಳ್ಳಗಿನ ಇನ್ನೊಂದು ಕಟಕಟೆ ನಿಲ್ಲಿಸಿ, ಅಥವಾ ಹೊರಗೆ ಕಾಣದ ತಂತಿ ಜಾಲ ಹಾಕಿಸಿ. ಕುರ್ಚಿ, ಹೂಕುಂಡ ಯಾವುದನ್ನೂ ಕಟಕಟೆಯ ಪಕ್ಕ ಇಡಬೇಡಿ, ಮಕ್ಕಳು ಹತ್ತುತ್ತಾರೆ.

ಸ್ಟೀಲ್ ಬಗ್ಗೆ: ಸಮುದ್ರದ ಎದುರು 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿಗೂ ಕಂದು ಕಲೆ ಬರುತ್ತದೆ. 316 ಕೇಳಿ, ಅದರಲ್ಲಿ ಮಾಲಿಬ್ಡಿನಮ್ 2ರಿಂದ 3 ಪರ್ಸೆಂಟ್ ಇರುತ್ತದೆ, ಉಪ್ಪನ್ನು ತಡೆಯುವುದು ಅದು. ಅಂಗಡಿಯವರು ಮ್ಯಾಗ್ನೆಟ್ ಹಿಡಿದು ತೋರಿಸಿದರೆ ನಂಬಬೇಡಿ, 304 ಕೂಡ ಸಾಮಾನ್ಯವಾಗಿ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಮಾಲಿಬ್ಡಿನಮ್ ಪತ್ತೆ ಮಾಡುವ ಹನಿ ದ್ರಾವಣ ಸಿಗುತ್ತದೆ, ಬಿಲ್ಲಿನ ಮೇಲೂ ನಂಬರ್ ಬರೆಸಿ.

ಸಂಸಾರಕ್ಕೆ ಬೇಕಾದ ಹಾಗೆ ಕೋಣೆ

ಈಗಿನ ಸಂಸಾರಕ್ಕೆ ಬೇಕಾದದ್ದು ದೊಡ್ಡ ಅಡುಗೆಮನೆ, ಮಕ್ಕಳಿಗೆ ಓದುವ ಜಾಗ, ಮನೆಯಿಂದ ಕೆಲಸ ಮಾಡುವವರಿಗೆ ಬಾಗಿಲು ಮುಚ್ಚುವ ಮೂಲೆ, ಅಪ್ಪ ಅಮ್ಮ ಬಂದಾಗ ಉಳಿಯಲು ಕೋಣೆ. ಗೋಡೆ ಒಡೆದು ಎಲ್ಲ ಒಂದು ಮಾಡುವುದು ಈಗಿನ ಫ್ಯಾಷನ್. ಇಲ್ಲಿ ಅದು ಬೇಡ ಎನ್ನುತ್ತೇನೆ. ಕಾರಣ ಪರಂಪರೆ ಮಾತ್ರ ಅಲ್ಲ. ನಮ್ಮ ಒಗ್ಗರಣೆಯ ಘಾಟು ಹಾಲ್‌ಗೆ ಬರುತ್ತದೆ, ಒಬ್ಬರು ಮೀಟಿಂಗಿನಲ್ಲಿದ್ದರೆ ಇನ್ನೊಬ್ಬರು ಮಿಕ್ಸಿ ಹಾಕುವ ಹಾಗಿಲ್ಲ. ಹಳೆಯ ಕೋಣೆಗಳಿಗೆ ಬಾಗಿಲುಗಳಿವೆ, ಅದೇ ಅನುಕೂಲ. ಬೇಕಿದ್ದರೆ ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆಯಲ್ಲಿ, ಎಂಜಿನಿಯರ್ ಅದು ಭಾರ ಹೊರುವ ಗೋಡೆಯಲ್ಲ ಎಂದು ಬರೆದುಕೊಟ್ಟ ಮೇಲೆ, ಬಾಗಿಲಗಲ ಹೆಚ್ಚಿಸಿ, ಹಳೆಯ ಚಿತ್ತಾರದ ಗಾಜಿನ ಬಾಗಿಲು ಅಲ್ಲಿ ಕೂರಿಸಿ.

ಈ ಫ್ಲ್ಯಾಟುಗಳಲ್ಲಿ ಹಲವಕ್ಕೆ ಹಿಂದೆ ಕೆಲಸದವರಿಗೆಂದು ಬೇರೆ ಬಾಗಿಲು, ಬೇರೆ ಮೆಟ್ಟಿಲು, ಸಣ್ಣ ಕೋಣೆ ಮಾಡಿದ್ದರು. ಆ ಕೋಣೆ ಈಗ ವಾಷಿಂಗ್ ಮೆಷಿನ್, ಇಸ್ತ್ರಿ, ಒಣಗಿಸುವ ದಾರಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮನೆಗೆಲಸಕ್ಕೆ ಬರುವವರನ್ನು ಹಿಂದಿನ ಬಾಗಿಲಿಂದಲೇ ಬನ್ನಿ ಎನ್ನುವ ಪದ್ಧತಿಯನ್ನು ಮನೆಯ ಜೊತೆಗೆ ಉಳಿಸಿಕೊಳ್ಳಬೇಕಿಲ್ಲ. ಅದನ್ನು ಬಿಡಿ. ಹಿಂದಿನ ಮೆಟ್ಟಿಲು ಬೆಂಕಿ ಬಿದ್ದಾಗ ಹೊರಗೆ ಓಡುವ ಎರಡನೇ ದಾರಿ, ಅಲ್ಲಿ ಹಳೆಯ ಸಾಮಾನು ತುಂಬಬೇಡಿ.

ಕಪಾಟುಗಳಿಗೆ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡ, ಎರಡು ಮಳೆಗೆ ಉಬ್ಬುತ್ತದೆ. ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮರೈನ್ ಪ್ಲೈವುಡ್ ತೆಗೆದುಕೊಳ್ಳಿ, ಹೊರಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿ. ಗೋಡೆಗೆ ಅಂಟಿಸಿದರೆ ಹಿಂದೆ ಬೂಷ್ಟು ಹಿಡಿಯುತ್ತದೆ, ರೇಷ್ಮೆ ಸೀರೆಗಳೆಲ್ಲ ಹಾಳು.

ಸೇರಿದ ಮೇಲೆ ಮಾಡಬೇಕಾದದ್ದು ಇಷ್ಟು. ಗ್ರಿಲ್, ಕಟಕಟೆ, ಕಿಟಕಿಯ ಹಿತ್ತಾಳೆಗಳನ್ನು ತಿಂಗಳಿಗೊಮ್ಮೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಜ್‌ಗೆ ಒಂದು ಹನಿ ಎಣ್ಣೆ ಬಿಡಿ. ಕಬ್ಬಿಣದ ಗ್ರಿಲ್ಲಿನಲ್ಲಿ ಬಣ್ಣ ಎದ್ದ ಕಡೆ ಆ ವಾರವೇ ಕೆರೆದು ಜಿಂಕ್ ಪ್ರೈಮರ್ ಮುಟ್ಟಿಸಿ. ಮೇ ಕೊನೆಯಲ್ಲಿ ಕಿಟಕಿಯ ರಬ್ಬರು, ಚಜ್ಜಾದ ಗೀರು, ಬಾಲ್ಕನಿಯ ನೀರು ಹೋಗುವ ತೂತು ನೋಡಿ. ಗೋಡೆ ಮುಚ್ಚುವ ಮೊದಲು ತೆಗೆದ ಪೈಪು, ವೈರಿನ ಫೋಟೊಗಳು, ಎಂಜಿನಿಯರ್ ರಿಪೋರ್ಟು, ಬಣ್ಣದ ನಂಬರುಗಳು ಇವನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ ಒಂದು ಪ್ರತಿಯನ್ನು ಸೊಸೈಟಿ ಆಫೀಸಿಗೂ ಕೊಡಿ. ಮುಂದೆ ಮೇಲಿನ ಮನೆಯವರು ರಿಪೇರಿ ಶುರು ಮಾಡಿದಾಗ ಅವರಿಗೂ ಅದೇ ಬೇಕಾಗುತ್ತದೆ.